ಕನ್ನಡಕದವಳು ಒಪ್ಪಿಕೊಂಡ ತಪ್ಪು

ಪುಟ್ಟಿ,

ಎಬ್ಬಿಸಲು ಮನಸ್ಸಾಗಲಿಲ್ಲ. ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು. ಅಪ್ಪನಿಗೆ ನಾನೇನೂ ಹೇಳಿಲ್ಲ.

ನಿನ್ನೆ ನೀನು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಗಿದೆಯೇ ನೋಡು. ಸೈಬರ್ ಸೆಕ್ಯುರಿಟಿ ಸ್ಪರ್ಧೆಯಲ್ಲಿ ಅದನ್ನು ನಡೆಸುವವರು ಕೊಟ್ಟ ಕಂಪ್ಯೂಟರುಗಳೊಳಗೆ ಮಾತ್ರ ನುಗ್ಗಬೇಕಿತ್ತು. ಅವಸರದಲ್ಲಿ ನೀನು ಕಂಪ್ಯೂಟರಿನ ವಿಳಾಸದ ಒಂದು ಅಂಕಿ ತಪ್ಪು ಒತ್ತಿದೆ. ಕಾಲೇಜಿನ ಪರೀಕ್ಷಾ ವಿಭಾಗದ ಕಂಪ್ಯೂಟರೇ ಕೆಟ್ಟು ನಿಂತಿತು. ಯಾರು ಮಾಡಿದ್ದು ಎಂದು ಪ್ರಿನ್ಸಿಪಾಲರು ಕೇಳಿದಾಗ ನಿನ್ನ ತಂಡದ ಕನ್ನಡಕದ ಹುಡುಗಿ, "ನಾನೇ ಸರ್. ಇವಳದು ಮೊದಲನೇ ಸಲ, ಇವಳಿಗೆ ಇದೆಲ್ಲ ಎಲ್ಲಿ ಬರುತ್ತೆ?" ಎಂದಳು. ನೀನು ಸುಮ್ಮನಿದ್ದೆ.

ಇವತ್ತು ಹನ್ನೊಂದಕ್ಕೆ ಅವಳನ್ನು ಕಾಲೇಜಿನಿಂದ ತೆಗೆಯುವ ತೀರ್ಮಾನ ಮಾಡುತ್ತಾರೆ.

"ಅವಳೇ ಹೇಳಿದ್ದಲ್ವಾ ಅಜ್ಜಿ, ನಾನೇನು ಕೇಳಿದ್ನಾ?" ಎಂದೆ. ಕೇಳಲಿಲ್ಲ, ನಿಜ. ಆದರೆ ಅವಳು ನಿನಗಾಗಿ ನಾಲ್ಕು ಬೈಗುಳ ತಿನ್ನಲು ಸಿದ್ಧಳಿದ್ದಳು, ಓದನ್ನೇ ಕಳೆದುಕೊಳ್ಳಲು ಅಲ್ಲ.

ಹತ್ತೂವರೆಗೇ ಹೋಗಿ ಪ್ರಿನ್ಸಿಪಾಲರ ಬಾಗಿಲು ತಟ್ಟು. ಅಳು ಬಂದರೆ ಬರಲಿ, ಹೇಳಿ ಮುಗಿಸು. ಆಮೇಲೆ ನಿನಗೇನಾಗುತ್ತದೋ ನನಗೆ ಗೊತ್ತಿಲ್ಲ. ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಲಾರೆ.

ನಾನು ಅವಳ ಅಮ್ಮನ ಹೊಲಿಗೆ ಅಂಗಡಿಗೆ ಹೊರಟಿದ್ದೇನೆ. ಆಕೆ ಒಬ್ಬಳೇ ಕೂತು ಕಾಯಬಾರದು. ನಿನ್ನ ವಿಷಯ ನಾನು ಬಾಯಿ ಬಿಡುವುದಿಲ್ಲ, ಅದು ನೀನೇ ಹೇಳಬೇಕಾದದ್ದು. ಆದರೆ ತನ್ನ ಮಗಳದೇ ತಪ್ಪೆಂದು ನಂಬಿರುವ ಆಕೆ ನನಗೆ ಕುರ್ಚಿ ಒರೆಸಿ ಕೊಟ್ಟು, ಮೊದಲು ಕೇಳುವುದು, "ಮೊಮ್ಮಗಳು ತುಂಬಾ ಹೆದರಿದ್ದಾಳೇನಮ್ಮ?" ಎಂದೇ. ಹನ್ನೊಂದರವರೆಗೆ ನಾನು ಆ ಮುಖ ನೋಡುತ್ತಾ ಕೂತಿರಬೇಕು.

ಅಜ್ಜಿ