ಚುಕ್ಕೆಯ ಗುರು

ನವೆಂಬರ್ ೧೪, ಶುಕ್ರವಾರ

ನಾಲ್ಕು ಚುಕ್ಕೆಗೆ ನಾನು ತೆತ್ತದ್ದು: ಎಂಟು ತಿಂಗಳು, ಹನ್ನೊಂದು ತಂತಿ, ಮೂವತ್ತು ವರ್ಷ ಪಳಗಿದ ಒಂದು ಹೆಬ್ಬೆರಳು.

ನಾನು ನುಡಿಸುವ ಲ್ಯೂಟ್ ಎಂಬ ಯುರೋಪಿನ ತಂತಿವಾದ್ಯದ ಹಳೆಯ ಸ್ವರಲಿಪಿಯಲ್ಲಿ, ಸ್ವರ ಸೂಚಿಸುವ ಅಂಕೆಯ ಕೆಳಗೆ ಚುಕ್ಕೆಯಿದ್ದರೆ ತೋರುಬೆರಳಿಂದ ಮೇಲಕ್ಕೆ ಮೀಟಬೇಕು, ಇಲ್ಲದಿದ್ದರೆ ಹೆಬ್ಬೆರಳಿಂದ ಕೆಳಕ್ಕೆ. ನಾಳೆಯ ಕಛೇರಿಗೆ ಅಭ್ಯಾಸ ಮಾಡಿದ ಕೃತಿಯಲ್ಲಿ ನಾಲ್ಕು ಕಡೆ ಚುಕ್ಕೆ ತಾಳದ ಪೆಟ್ಟಿನ ಮೇಲೇ ಕೂತಿತ್ತು. ಭಾರ ಬೀಳುವಲ್ಲಿ ಹಗುರ ಬೆರಳು ಯಾಕೆಂದು ಕೇಳಿದ್ದಕ್ಕೆ, ಕೃತಿಯ ಪ್ರತಿ ತಂದುಕೊಟ್ಟು ಆ ಚುಕ್ಕೆಗಳ ಮೇಲೇ ಪ್ರಬಂಧ ಬರೆದ ಪ್ರೊಫೆಸರರು, "ಅದು ಹಳಬರ ಗುಟ್ಟು ಕಣ್ರೀ. ಗುರುವಿಲ್ದೆ ಕಲಿತವ್ರು ನೀವು, ನಿಮಗೆ ಹೊಳೆಯಲ್ಲ" ಎಂದಿದ್ದರು. ನಾನೂ ನಂಬಿ, ಎಂಟು ತಿಂಗಳು ತಂತಿ ಹರಿಯುತ್ತಾ ಬೆರಳು ತಿದ್ದಿಕೊಂಡೆ.

ಇವತ್ತು ಗ್ರಂಥಾಲಯದವರು ಮೂಲ ಪುಸ್ತಕವನ್ನೇ ಕೈಗೆ ಕೊಟ್ಟರು. ಹಾಳೆ ಎತ್ತಿದರೆ ಚುಕ್ಕೆಯೊಳಗಿಂದ ಕಿಟಕಿಯ ಬೆಳಕು ಬಂತು. ನಾಲ್ಕೂ ಹುಳ ಕೊರೆದ ತೂತುಗಳು. ನಮ್ಮ ಫೋಟೋ ಪ್ರತಿಯಲ್ಲಿ ಕಪ್ಪಗೆ ಕಂಡಿದ್ದವು, ಅಷ್ಟೇ.

ಪ್ರೊಫೆಸರರಿಗೆ ಫೋನ್ ಮಾಡಿದೆ. "ತೂತಾದ್ರೇನ್ರೀ, ಕೇಳೋಕೆ ಚೆನ್ನಾಗಿದ್ಯಲ್ಲ. ನಾಳೆ ಕಛೇರಿ ಮುಗೀಲಿ, ಆಮೇಲೆ ನೋಡೋಣ." ಬುದ್ಧಿ ಹೇಳುವಾಗ ಇದ್ದ ಗಂಟಲು ತಪ್ಪೊಪ್ಪುವಾಗ ಎಲ್ಲಿ ಹೋಯಿತೋ.

ಸಂಜೆ ನನ್ನ ಹಳೆಯ ರೀತಿಯಲ್ಲೇ ನುಡಿಸಲು ಕೂತೆ. ಆ ಜಾಗ ಬಂದೊಡನೆ ಹೆಬ್ಬೆರಳು ಅಪ್ಪಣೆ ಕೇಳುವವರ ಹಾಗೆ ನಿಂತುಬಿಟ್ಟಿತು. ಮತ್ತೆ ನುಡಿಸಿದೆ, ಮತ್ತೆ ನಿಂತಿತು. ಹೊಟ್ಟೆಯುರಿಯುವುದು ಇದಕ್ಕೇ. ನಾಳೆ ಜನರ ಮುಂದೆಯೂ ಅದು ಹೀಗೇ ನಿಲ್ಲುತ್ತದೆ.

ಹೆಂಡತಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ಇನ್ಮೇಲೆ ನಿಮಗೆ ಗುರು ಇಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ ಬಿಡಿ. ಹುಳದ ಹತ್ರಾನೇ ಪಾಠ ಆಗಿದೆ." ನಗು ಬರಲಿಲ್ಲ.

ಪ್ರೊಫೆಸರರಿಗೆ ಒಂದು ಪ್ರಬಂಧ ದಕ್ಕಿತು. ನನಗೆ ತಡವರಿಸುವ ಹೆಬ್ಬೆರಳು. ಹುಳಕ್ಕೆ ನಾಲ್ಕು ತೂತಿನಷ್ಟು ಕಾಗದ. ಹೊಟ್ಟೆ ತುಂಬಿದ್ದು ಅದೊಂದಕ್ಕೇ.