ಒಂದೇ ಫೈಲಿಗೆ ಮೂರು ಹೆಸರಿಟ್ಟ ಅಧಿಕಾರಿಗಳಿಗೆ

ಮಾನ್ಯರೇ,

ಮೊದಲೇ ಕ್ಷಮೆ ಕೇಳುತ್ತೇನೆ. ಬಿಸಿಎ ಮೊದಲ ವರ್ಷದ ಹುಡುಗಿಯೊಬ್ಬಳು ತಂತ್ರಾಂಶ ವಿತರಣಾ ಕೋಶದ ಮುಖ್ಯಸ್ಥರಿಗೆ ಹೀಗೆ ಊರಿಗೆಲ್ಲ ಕೇಳುವಂತೆ ಪತ್ರ ಬರೆಯಬಾರದು. ಅದೂ ಅರ್ಧ ಇಂಗ್ಲಿಷ್ ಬೆರೆತ ಹಾಸ್ಟೆಲ್ ಕನ್ನಡದಲ್ಲಿ. ನನ್ನ ಇಮೇಲುಗಳಿಗೆ ನೀವು ಉತ್ತರಿಸಿದ್ದರೆ ಬರೆಯುತ್ತಲೂ ಇರಲಿಲ್ಲ. ವಿಷಯ ಇಷ್ಟೇ: ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳುವ ನಿಮ್ಮ ಉಚಿತ ತಂತ್ರಾಂಶ ನಮ್ಮ ಆಳಂದದ ಹಾಸ್ಟೆಲಿನಲ್ಲಿ ನಡೆಯುವಂತೆ ಮಾಡಿದ್ದಕ್ಕೆ ನೀವು ನನಗೆ ನೋಟಿಸ್ ಕಳಿಸಿದ್ದೀರಿ. ಶನಿವಾರದೊಳಗೆ ಅದನ್ನು ಎಲ್ಲ ಕಂಪ್ಯೂಟರುಗಳಿಂದ ಅಳಿಸಬೇಕಂತೆ. ಸೋಮವಾರ ನನ್ನ ರೂಮ್‌ಮೇಟ್ ಮುಮತಾಜಳಿಗೆ ಇತಿಹಾಸದ ಪರೀಕ್ಷೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಅವಳು ಏನನ್ನು ಕೇಳಿಸಿಕೊಂಡು ಓದಬೇಕು, ನಿಮ್ಮ ನೋಟಿಸನ್ನೇ?

ನಿಮ್ಮ ವೆಬ್‌ಸೈಟಿನಲ್ಲಿ ‘ಎಲ್ಲ ವೇದಿಕೆಗಳಲ್ಲೂ ಲಭ್ಯ’ ಎಂದು ಹೆಮ್ಮೆಯಿಂದ ಬರೆದಿದೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಂದು ಮೂರು ಬಟನ್‌ಗಳೂ ಇವೆ. ನಮ್ಮ ಹಾಸ್ಟೆಲಿನ ಹಳೆಯ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್. ಹಾಕಿ ಕೊಟ್ಟವರೂ ನಿಮ್ಮದೇ ಇಲಾಖೆಯವರು. ಇಳಿಸಿಕೊಂಡ ಫೈಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಅನುಮಾನ ಬಂದು ಮೂರನ್ನೂ ಇಳಿಸಿ ಹೋಲಿಸಿದೆ. ಒಂದು ಅಕ್ಷರದಷ್ಟೂ ವ್ಯತ್ಯಾಸವಿಲ್ಲ. ವಿಂಡೋಸಿನ ಫೈಲಿಗೇ ಹೆಸರಿನ ಬಾಲ ಬದಲಿಸಿ ಮೂರು ಕಡೆ ನೇತುಹಾಕಿದ್ದೀರಿ. ಅಫಜಲಪುರದ ಬೋರ್ಡು ತಗುಲಿಸಿದ ಮಾತ್ರಕ್ಕೆ ಆಳಂದದ ಬಸ್ಸು ಅಫಜಲಪುರಕ್ಕೆ ಹೋಗುತ್ತದೆಯೇ?

ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿದ್ದವರು ಬಹಳ ಮರ್ಯಾದೆಯಿಂದ, ಹಂಗಾದ್ರ ವಿಂಡೋಸ್ ಹಾಕಿಸ್ಕೊಳ್ರಿ ಅಂದರು. ಪ್ರತಿ ಕಂಪ್ಯೂಟರಿನ ಬೆನ್ನಿಗೂ ‘ಸಿಸ್ಟಮ್ ಬದಲಿಸಿದರೆ ಕ್ರಮ ಕೈಗೊಳ್ಳಲಾಗುವುದು’ ಎಂಬ ನಿಮ್ಮ ಇಲಾಖೆಯ ಚೀಟಿ ಅಂಟಿದೆ ಎಂದು ಹೇಳಿದೆ. ಅವರು ಲೈನ್ ಕಟ್ ಮಾಡಿದರು.

ತಂತ್ರಾಂಶದ ಮೂಲ ಕೋಡನ್ನು ನೀವೇ ಬಹಿರಂಗವಾಗಿ ಇಟ್ಟಿದ್ದೀರಿ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು ಎಂಬ ಪರವಾನಗಿಯೂ ಜೊತೆಗಿದೆ. ಅದನ್ನು ನಂಬಿದ್ದೇ ನನ್ನ ತಪ್ಪಿರಬೇಕು. ಆ ಕೋಡಿನಿಂದ ಲಿನಕ್ಸಿಗೊಂದು, ಫೋನಿಗೊಂದು ಪ್ಯಾಕೇಜು, ಅಂದರೆ ನೇರವಾಗಿ ಹಾಕಿಕೊಳ್ಳಬಹುದಾದ ಫೈಲು, ಕಟ್ಟಿದೆ. ಹಾಸ್ಟೆಲಿನ ನೆಟ್ ಇದ್ದೂ ಇಲ್ಲದಂತೆ. ಆದ್ದರಿಂದ ಕನ್ನಡ ಧ್ವನಿಯ ಫೈಲುಗಳನ್ನೂ ಒಳಗೇ ಸೇರಿಸಿದೆ. ಅವನ್ನು ತುಂಬಿದ ಪೆನ್ ಡ್ರೈವ್ ಬಸ್ಸಿನಲ್ಲಿ ಅಫಜಲಪುರ, ಜೇವರ್ಗಿ ಹಾಸ್ಟೆಲುಗಳಿಗೂ ಹೋಯಿತು. ಜೇವರ್ಗಿಯಲ್ಲಿ ಪಿಯುಸಿ ಓದುವ ಅರ್ಬಾಜನಿಗೂ ದೃಷ್ಟಿಯಿಲ್ಲ. ಅವನು ವಾಯ್ಸ್ ಮೆಸೇಜ್ ಕಳಿಸಿದ: “ಅಕ್ಕಾ, ಫೋನ್ ಪಾಠ ಹೇಳಾಕತ್ತದ್ರಿ. ನಮ್ಮ ಸರ್‌ಗಿಂತ ಸಾವಕಾಶ ಹೇಳ್ತದ.”

ಈಗ ನಿಮ್ಮ ಪ್ರಕಾರ ನನ್ನದು ‘ನಕಲಿ’. ನಡೆಯುವುದು ನಕಲಿ, ನಡೆಯದಿರುವುದು ಅಧಿಕೃತ. ವಾರ್ಡನ್ ಸುಭದ್ರಾಬಾಯಿ ನೋಟಿಸನ್ನು ನನ್ನಿಂದಲೇ ಓದಿಸಿಕೊಂಡು ಕೇಳಿದರು: “ಅಂದ್ರ ಅವ್ರು ಜ್ವಾಳ ಕೊಟ್ಟಾರ, ನೀ ರೊಟ್ಟಿ ಬಡದಿ. ಅದಕ್ಕ ನೋಟಿಸ್ ಏನ್ ಬೇ?” ಆಮೇಲೆ ತಾವೇ ದನಿ ಇಳಿಸಿ, ಮೇಲಿನವರ ಫೋನ್ ಬಂದರೆ ತಡೆದುಕೊಳ್ಳಲು ತಮ್ಮಿಂದಾಗದು, ಅಳಿಸಿಬಿಡು ಎಂದರು. ಮುಮತಾಜ ಮಾತ್ರ ನಕ್ಕಳು. “ಅಳಸು. ಆದ್ರ ನೀನಾ ಕುಂತು ಓದ್ ಹೇಳ್ಬ್ಯಾಡ ಬೇ, ನಿನ್ ದನಿ ಕೇಳಿದ್ರ ನಂಗ ನಿದ್ದಿ ಬರ್ತದ.” ನಕ್ಕ ಮೇಲೆ ಅವಳು ಹೆಡ್‌ಫೋನ್ ಹಾಕಿಕೊಂಡು ಪಾಠದ ವೇಗ ಹೆಚ್ಚಿಸಿದಳು. ಶನಿವಾರದೊಳಗೆ ಮುಗಿಸಬೇಕಲ್ಲ.

ಗೊತ್ತಿಲ್ಲದವರು ಕಟ್ಟಿದ ಫೈಲಿನಲ್ಲಿ ವೈರಸ್ ಇರಬಹುದು ಎಂದು ನೋಟಿಸಿನಲ್ಲಿ ಬರೆದ ನಿಮ್ಮ ಭಯ ಸುಳ್ಳಲ್ಲ. ಹಾಗಾದರೆ ಪರೀಕ್ಷಿಸಿ. ಪ್ಯಾಕೇಜು ಕಟ್ಟಿದ ಪ್ರತಿ ಹೆಜ್ಜೆಯನ್ನೂ ಇಮೇಲಿನಲ್ಲಿ ಬರೆದು ಕಳಿಸಿದ್ದೇನೆ. ನಿಮ್ಮ ಕಚೇರಿಯಲ್ಲಿ ಅಷ್ಟು ಎಂಜಿನಿಯರುಗಳಿದ್ದಾರೆ; ಒಬ್ಬರು ಅದೇ ಹೆಜ್ಜೆ ಹಿಡಿದು ಕಟ್ಟಿ ತಾಳೆ ನೋಡಲಿ. ನೋಟಿಸ್ ಟೈಪ್ ಮಾಡುವುದಕ್ಕಿಂತ ಅದು ಕಷ್ಟದ ಕೆಲಸವೇ?

ನೋಟಿಸ್ ಹಿಂಪಡೆಯಿರಿ. ಸರಿಯಾದ ಪ್ಯಾಕೇಜುಗಳನ್ನು ನೀವೇ ಕಟ್ಟಿ ನಿಮ್ಮ ಪುಟದಲ್ಲಿಡಿ. ಆ ದಿನ ನನ್ನದನ್ನು ನಾನೇ ಅಳಿಸುತ್ತೇನೆ. ಅಲ್ಲಿಯವರೆಗೆ ಅಳಿಸುವುದಿಲ್ಲ.

ದಯವಿಟ್ಟು ಶುಕ್ರವಾರದೊಳಗೆ ಉತ್ತರ ಕೊಡಿ.

ಇಂತಿ,
ಸದ್ಯಕ್ಕೆ ಹಾಸ್ಟೆಲಿನಲ್ಲೇ ಇರುವ
ವಂದನಾ
ಆಳಂದ