ಹಾಲು ಕುಡಿದದ್ದು ನಾನಲ್ಲ

ಮ್ಯಾರಥಾನ್ ತೀರ್ಪುಗಾರರ ಸಮಿತಿಯ ಮಾನ್ಯ ಅಧ್ಯಕ್ಷರೇ,

ಗುರಿಗೆರೆಯನ್ನು ನನ್ನ ಕಾಲಿನಿಂದಲೇ ದಾಟಿದ ನನ್ನನ್ನು ನೀವು ಅನರ್ಹಳೆಂದು ಪ್ರಕಟಿಸಿದ್ದೀರಿ. ಕಾರಣ: 'ಓಟದ ನಡುವೆ ಹೊರಗಿನ ನೆರವು ಪಡೆದಿದ್ದಾರೆ.' ಆ ಹೊರಗಿನ ನೆರವಿಗೆ ಈಗ ಎಂಟು ತಿಂಗಳು, ಇನ್ನೂ ಹಲ್ಲು ಬಂದಿಲ್ಲ.

ನಲವತ್ತೆರಡು ಕಿಲೋಮೀಟರು ಎಂದರೆ ಏನೆಂದು ಶಾಮಿಯಾನದ ನೆರಳಲ್ಲಿ ಕೂತವರಿಗೆ ಹೇಗೆ ಹೇಳಲಿ? ಅರ್ಧ ದಾರಿ ಕಾಲು ಓಡುತ್ತದೆ, ಆಮೇಲೆ ಹಟ. ಮೂವತ್ತು ದಾಟಿದ ಮೇಲೆ ಹಟವೂ ಕೈಕೊಡುತ್ತದೆ. ತೊಡೆ ಕಲ್ಲಾಗುತ್ತದೆ, ಬೆವರು ಆರಿ ಕೆನ್ನೆಯ ಮೇಲೆ ಉಪ್ಪು ಕರಕರ ಎನ್ನುತ್ತದೆ, ಎದುರಿನ ಕಂಬ ಎಷ್ಟು ಓಡಿದರೂ ಅಲ್ಲೇ ಇರುತ್ತದೆ. ನನಗೆ ಇದೆಲ್ಲದರ ಜೊತೆ ಹಾಲು ಕಟ್ಟಿಕೊಂಡು ಎದೆಯೂ ಕಲ್ಲಾಗಿತ್ತು. ನಿಮ್ಮ ನಿಯಮಾವಳಿಯಲ್ಲಿ ಅದಕ್ಕೊಂದು ಸಾಲಿಲ್ಲ.

ಅಂಚೆ ಕಚೇರಿಯ ತಿರುವಿನಲ್ಲಿ ಅತ್ತೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. "ಬಾಟ್ಲಿ ಇಟ್ರೆ ಉಗೀತಾಳೆ ಕಣೇ, ಅತ್ತೂ ಅತ್ತೂ ಸೋತ್ಹೋದ್ಲು, ಬಾ ಬೇಗ!" ಬೇಲಿಗೊರಗಿ, ಟವೆಲಿನ ಮರೆಯಲ್ಲಿ ಹಾಲೂಡಿಸಿದೆ. ದಾರಿ ಕಾಯುತ್ತಿದ್ದ ನಿಮ್ಮ ಮೇಲ್ವಿಚಾರಕರೊಬ್ಬರು ಸೀಟಿ ಊದುತ್ತ ಓಡಿ ಬಂದರು.

"ಮೇಡಂ, ಹೊರಗಿನೋರಿಂದ ಏನೂ ತಗೋಬಾರ್ದು."

"ಕುಡೀತಿರೋದು ಇದು ಕಣಪ್ಪಾ, ಅವಳಲ್ಲ!" ಎಂದರು ಅತ್ತೆ.

"ರೂಲ್ಸು ರೂಲ್ಸೇ ಅಮ್ಮಾ."

"ನಿನ್ನನ್ನೇನು ನಿಮ್ಮಮ್ಮ ರೂಲ್ಸು ಕುಡಿಸಿ ಬೆಳೆಸಿದ್ಲಾ?"

ಒಂಬತ್ತು ತಿಂಗಳು ನನ್ನ ಒಳಗೇ ಇದ್ದವಳು ಯಾವ ತಾರೀಖಿನಿಂದ ಹೊರಗಿನವಳಾದಳು, ಮಾನ್ಯರೇ? ಕೊಟ್ಟವರು ಯಾರು, ಪಡೆದವರು ಯಾರು? ಹಾಲೂಡಿಸಿ ಹಗುರಾದೆ, ನಿಜ. ಅದೇ ನೆರವಾದರೆ ಬೆವರು ಸುರಿಸಿದವರನ್ನೆಲ್ಲ ಅನರ್ಹಗೊಳಿಸಿ.

ನಗಿಸಲು ಬರೆಯುತ್ತಿಲ್ಲ. ಹೆತ್ತಾಗಿನಿಂದ ನನಗೆ ನಿದ್ದೆಯಿಲ್ಲ. ಮಗು ಮಲಗಿದರೆ ಉಸಿರಿದೆಯೇ ಎಂದು ಮೂಗಿನ ಬಳಿ ಬೆರಳಿಡುತ್ತೇನೆ. ಎದ್ದರೆ ನನ್ನ ಕೈಯಲ್ಲಿ ಏನಾಗಿಬಿಡುತ್ತದೋ ಎಂದು ನಡುಗುತ್ತೇನೆ. ಇವಳನ್ನು ಸಾಕಲು ನೀನು ಅರ್ಹಳಲ್ಲ ಎಂದು ತಲೆಯೊಳಗೆ ಒಂದು ದನಿ ಹೇಳುತ್ತಲೇ ಇರುತ್ತದೆ. ಅದು ಸುಮ್ಮನಾಗುತ್ತಿದ್ದುದು ಓಡುವಾಗ ಮಾತ್ರ. ಪೂರ್ತಿ ಓಡಿ ಮುಗಿಸಿದರೆ ಅದರ ಬಾಯಿ ಮುಚ್ಚಿಸಬಹುದು ಅಂದುಕೊಂಡಿದ್ದೆ. ಮುಗಿಸಿದೆ. ಅದು ಹೇಳುತ್ತಿದ್ದುದನ್ನೇ ನೀವು ಮೊಹರೊತ್ತಿ ಗೋಡೆಗೆ ಅಂಟಿಸಿದಿರಿ. 'ಮುಂದಿನ ವರ್ಷ ಓಡಿ' ಎಂದಿತು ನಿಮ್ಮ ಕಚೇರಿ. ನನಗೆ ಮುಂದಿನ ವಾರವೇ ಕಾಣುತ್ತಿಲ್ಲ, ಸ್ವಾಮೀ.

ನಿಯಮಕ್ಕೆ ಅರ್ಥ ಹೇಳುವ ಅಧಿಕಾರ ನಿಮಗಿದೆ. ಪದಕ ನೀವೇ ಇಟ್ಟುಕೊಳ್ಳಿ. 'ಅನರ್ಹಳು' ಎಂಬ ಆ ಪದ ತೆಗೆಯಿರಿ.

ಇಂತಿ,
ಕುಂಟುತ್ತಲಾದರೂ ಗುರಿ ಮುಟ್ಟಿದವಳು